ಫೋನಪ್ಪನ ನಿದ್ದೆ

ಪ್ರಯೋಗಾಲಯದ ಮೇಜಿನ ಮೇಲೆ ಎರಡು ಫೋನುಗಳು ಅವಳಿ ಮಕ್ಕಳಂತೆ ಮಲಗಿದ್ದವು. ಒಂದು ಮಾಮೂಲಿ. ಇನ್ನೊಂದು ಫೋನಪ್ಪ; ಅವನಿಗೆ ಸಂಶೋಧಕಿ ನಿದ್ದೆ ಕಲಿಸಿದ್ದಳು. ಅಕ್ಕಪಕ್ಕದ ಫೋನುಗಳ ಸಂದೇಶಕ್ಕೆಲ್ಲ ಕಿವಿಗೊಟ್ಟೇ ವೈಫೈ ಬ್ಯಾಟರಿ ತಿನ್ನುತ್ತದೆ. ಊರ ಉಸಾಬರಿ ಬಿಟ್ಟು, ತನ್ನ ಹೆಸರು ಕರೆದಾಗ ಮಾತ್ರ ಎಚ್ಚರಾದರೆ ಸಾಕು ಎಂಬುದು ಅವಳ ವಾದ. ವಾದವೇನೋ ಸರಿ, ಫೋನು ಒಪ್ಪಬೇಕಲ್ಲ. ಪ್ರತಿ ಸಲವೂ ಅವಳಿಗಳ ಬ್ಯಾಟರಿ ಜೊತೆಜೊತೆಯಲ್ಲೇ ಮುಗಿಯುತ್ತಿತ್ತು.

“ನಾಳೆ ಸಂಜೆಯೂ ಇದೇ ಕಥೆಯಾದ್ರೆ ಬೇರೆ ವಿಷಯ ಹುಡುಕ್ಕೊಳ್ಳಮ್ಮ,” ಎಂದು ಗೈಡು ಹೇಳಿ ಹೋಗಿದ್ದರು.

ಪಕ್ಕದ ಕುರ್ಚಿಯ ಸಹೋದ್ಯೋಗಿಗೆ ಗಿಳಿಯೆಂದೇ ಹೆಸರು. ಗೈಡಿನ ಹಾಗೇ ಮೂಗಿನಲ್ಲಿ ರಾಗ ಎಳೆದ: “ಅಮ್ಮಾ, ಇದು ಸಂಶೋಧನೆಯೋ, ಜೋಗುಳವೋ?”

“ಸುಮ್ನಿರೋ, ನನ್ನ ಪೀಕಲಾಟ ನನಗೆ.”

“ಫೋನಪ್ಪ ಮಲಗಿದಾನೆ ತಾನೆ?”

“ಮಲಗಿದಾನೆ. ಕಂಪ್ಯೂಟರಿಂದ ಈಗಷ್ಟೇ ಕೇಳ್ದೆ. ಮಲಗಿದೀನಿ ಅಂದ.”

ಆದರೂ ಬ್ಯಾಟರಿ ಇಳಿಯುತ್ತಲೇ ಇತ್ತು. ತಲೆಕೆಟ್ಟು, ಸ್ಪೀಕರ್ ಹಾಕಿ ಮನೆಗೆ ಫೋನು ಮಾಡಿದಳು.

“ಅತ್ತೆ, ಪಾಪು ಮಲಗಿದ್ಯಾ?”

ಆ ಕಡೆಯಿಂದ ಮೊದಲು ಅಳು ಕೇಳಿಸಿತು, ಆಮೇಲೆ ಅತ್ತೆ. “ಮಲಗಿತ್ತು ಕಣಮ್ಮ, ನೀನು ಕೇಳೋವರೆಗೂ. ಬೆಳಗ್ಗಿಂದ ಇದೇ ಆಯ್ತು. ಕಣ್ಣು ಹತ್ತೋದೇ ತಡ, ನಿನ್ನ ಫೋನು.”

ಸಂಶೋಧಕಿ ಫೋನು ಇಟ್ಟವಳು ಕಂಪ್ಯೂಟರನ್ನೇ ದುರುಗುಟ್ಟಿ ನೋಡಿದಳು. ಅವಳೇ ಹೇಳಿಕೊಟ್ಟಂತೆ ಅದು ಗಳಿಗೆಗೊಮ್ಮೆ ವೈಫೈನಲ್ಲಿ ಫೋನಪ್ಪನನ್ನು ಹೆಸರು ಹಿಡಿದು ಕರೆದು ‘ಮಲಗಿದ್ದೀಯಾ?’ ಎನ್ನುತ್ತಿತ್ತು. ಅವನು ಪಾಪ, ಎದ್ದು ‘ಹೂಂ, ಮಲಗಿದ್ದೀನಿ’ ಎಂದು ವರದಿ ಒಪ್ಪಿಸಿ ಮಗ್ಗುಲಾಗುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ.

ಮರುದಿನ ಎರಡೂ ಫೋನುಗಳಿಗೆ ಹೊಟ್ಟೆ ತುಂಬ ಚಾರ್ಜು ಕುಡಿಸಿ, ಕಂಪ್ಯೂಟರಿನ ಬಾಯಿಗೆ ಬೀಗ ಹಾಕಿದಳು. ತನ್ನ ಕೈಗೆ ಬೀಗ ಹಾಕುವುದೇ ಕಷ್ಟವಾಯಿತು.

“ಒಂದೇ ಒಂದ್ಸಲ ಕೇಳ್ಲಾ?”

ಗಿಳಿ ಥೇಟ್ ಅತ್ತೆಯ ದನಿ ತೆಗೆದ: “ಮಲಗಿದೆ ಕಣಮ್ಮ, ನೀನು ಕೇಳೋವರೆಗೂ.”

ಸಂಜೆ ಗೈಡು ಬಂದರು. ಮಾಮೂಲಿ ಫೋನು ಯಾವಾಗಲೋ ಕಪ್ಪಾಗಿತ್ತು. ಫೋನಪ್ಪನ ಗುಂಡಿ ಒತ್ತಿದರೆ ಇನ್ನೂ ಅರ್ಧ ಬ್ಯಾಟರಿ. ಗೈಡು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ವಿಷಯ ಬದಲಾಯಿಸೋದು ಬೇಡ ಬಿಡಮ್ಮ,” ಎಂದರು.

ಸುದ್ದಿ ಹೇಳಲು ಮನೆಯ ನಂಬರು ಒತ್ತಹೋದವಳು ನಾಲಿಗೆ ಕಚ್ಚಿಕೊಂಡು ಫೋನನ್ನು ಚೀಲಕ್ಕೆ ತುರುಕಿದಳು. ಮನೆ ತಲುಪಿ ಕರೆಗಂಟೆಯನ್ನೂ ಒತ್ತದೆ ಮೆಲ್ಲಗೆ ಬಾಗಿಲು ತೆರೆದಳು. ತೊಟ್ಟಿಲ ಪಕ್ಕ ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು.

“ಪಾಪು ಗಡದ್ದಾಗಿ ನಿದ್ದೆ ಹೊಡೀತು,” ಎಂದರು, ಆಕಳಿಸುತ್ತ. “ನೀನು ಈಗ ಫೋನು ಮಾಡ್ತೀಯೋ, ಆಗ ಮಾಡ್ತೀಯೋ ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ಕೂತು ನನ್ನ ಬ್ಯಾಟರಿ ಮುಗೀತು. ಹೋಗಿ ಮಲಗ್ತೀನಿ. ಮಲಗಿದ್ರಾ ಅಂತ ಮಾತ್ರ ಕೇಳ್ಬೇಡ.”