ಅಂಟಿಸಿದ ಚಪ್ಪಾಳೆ

ಆರು ವರ್ಷದಿಂದ ಧಾರಾವಾಹಿಯ ದೊಡ್ಡ ಸೊಸೆ ಅಳುವುದು, ಬೈಯುವುದು, ಅತ್ತೆಗೆ ಎದುರು ಮಾತಾಡುವುದು ಎಲ್ಲವೂ ನನ್ನ ಗಂಟಲಿನಿಂದ. ಮುಖ ಮಾತ್ರ ನಾಯಕಿಯದು. ಆಕೆಗೆ ನಮ್ಮ ಭಾಷೆ ಸರಿಯಾಗಿ ಬಾರದು. ನನ್ನ ಹೆಸರು ಪರದೆಯ ಮೇಲೆ ಒಂದು ದಿನವೂ ಬಂದಿಲ್ಲ.

ಈ ಸಲ ವಾಹಿನಿಯ ಅತ್ಯುತ್ತಮ ನಟಿ ಪ್ರಶಸ್ತಿ ಆಕೆಗೇ ಎಂದು ಮೊದಲೇ ತಿಳಿದಿತ್ತು. ವಂದನೆಯ ಭಾಷಣವನ್ನು ನಾನು ಧ್ವನಿಮುದ್ರಿಸಿಕೊಡಬೇಕು, ಆಕೆ ವೇದಿಕೆಯಲ್ಲಿ ತುಟಿ ಆಡಿಸಬೇಕು. ಆದರೆ ಆಕೆ ತಾನಾಗಿಯೇ ಸ್ಟುಡಿಯೋಗೆ ಬಂದು, "ಒಂದು ಸಾಲು ನಿಂದು ಹಾಕು. ನಾನು ಕೈ ತೋರಿಸ್ತೀನಿ, ನೀನು ಮೇಲೆ ಬಾ" ಎಂದಳು.

ನಾಲ್ಕು ಸಲ ತಿದ್ದಿ ಬರೆದೆ: 'ಈ ದನಿ ನನ್ನದಲ್ಲ. ಇದರ ಒಡತಿ ಐದನೇ ಸಾಲಿನಲ್ಲಿ ಕೂತಿದ್ದಾರೆ.'

ಧ್ವನಿಮುದ್ರಿಸಿಕೊಂಡವನು ನನ್ನ ತಮ್ಮ. ಅವನನ್ನು ಈ ಕೆಲಸಕ್ಕೆ ಹಚ್ಚಿದವಳು ನಾನೇ. "ಸೂಪರ್ ಅಕ್ಕಾ, ಒಂದೇ ಟೇಕು!" ಎಂದು ಗಾಜಿನಾಚೆಯಿಂದ ಹೆಬ್ಬೆರಳೆತ್ತಿದ.

ಸಮಾರಂಭದ ಚಿತ್ರೀಕರಣ ಮಧ್ಯಾಹ್ನವಿತ್ತು, ಪ್ರಸಾರ ಭಾನುವಾರ. ಕಾರಿನಲ್ಲಿ ತಮ್ಮ ಹೇಳಿದ, "ಮೆಟ್ಟಿಲು ಹತ್ತುವಾಗ ಕೆಳಗೆ ನೋಡ್ಬೇಡ. ಕ್ಯಾಮೆರಾಗೆ ಬರೀ ನೆತ್ತಿ ಕಾಣತ್ತೆ."

"ನೆತ್ತಿಗೂ ಬಣ್ಣ ಹಚ್ಕೊಂಡಿದ್ದೀನಲ್ಲೋ."

"ಹಾಗಾದ್ರೆ ಬಗ್ಕೊಂಡೇ ನಡಿ!"

ನಕ್ಕೆವು.

ಪ್ರಶಸ್ತಿ ನಾಯಕಿಯ ಕೈಗೆ ಬಂತು. ಭಾಷಣ ಶುರುವಾಯಿತು. ತಂಡಕ್ಕೆ ವಂದನೆ ಮುಗಿಯಿತು. ಮುಂದಿನದು ನನ್ನ ಸಾಲು. ಅಲ್ಲಿ ಚಪ್ಪಾಳೆ ಕೇಳಿಸಿತು. ಸಭೆಯಲ್ಲಿ ಯಾರೂ ಕೈ ಎತ್ತುವ ಮೊದಲೇ, ಸ್ಪೀಕರಿನಿಂದ. ಅದರ ಅಡಿಯಲ್ಲಿ, ಆ ಸಾಲಿಗೆಂದು ಧ್ವನಿಮುದ್ರಣದಲ್ಲಿ ನಾನು ಎಳೆದುಕೊಂಡಿದ್ದ ಉಸಿರು ಅರ್ಧಕ್ಕೇ ನಿಂತು, ನೇರ 'ನಿಮ್ಮ ಪ್ರೀತಿ ಹೀಗೇ ಇರಲಿ' ಬಂದುಬಿಟ್ಟಿತು. ನಾಯಕಿಯ ತುಟಿಗಳು ಮಾತ್ರ ನನ್ನ ಸಾಲನ್ನೇ ಹೇಳುತ್ತಿದ್ದವು, ಸದ್ದಿಲ್ಲದೆ. ಐದನೇ ಸಾಲಿನತ್ತ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಆಕೆ ಕೂದಲು ಸರಿಪಡಿಸಿಕೊಂಡಳು. ಅರ್ಧ ಎದ್ದಿದ್ದ ನಾನು ಬ್ಯಾಗು ಹುಡುಕುವವಳಂತೆ ಬಗ್ಗಿ ಕೂತೆ.

ಬಿಡುವಿನಲ್ಲಿ ಹಿಂದಿನ ಸೌಂಡ್ ಟೇಬಲ್‌ಗೆ ಹೋದೆ.

"ಎಲ್ಲೋ ನನ್ನ ಸಾಲು?"

ತಮ್ಮ ಗುಂಡಿಗಳ ಮೇಲಿಂದ ಕಣ್ಣೆತ್ತಲಿಲ್ಲ. "ವಾಹಿನಿಯವರು ಬೇಡಾಂದ್ರು ಅಕ್ಕಾ. ನೋಡೋರಿಗೆ ಬೇಜಾರಾಗತ್ತಂತೆ."

"ಯಾವಾಗ ಅಂದ್ರು?"

"ಸೋಮವಾರ."

"ಇವತ್ತು ಶುಕ್ರವಾರ. ಮೆಟ್ಟಿಲು ಹತ್ತೋದು ಹೇಳ್ಕೊಟ್ಟೆಯಲ್ಲೋ!"

"ನೀನು ಖುಷಿಯಾಗಿದ್ದೆ. ಹೇಗೆ ಹೇಳ್ಲಿ?" ಒಂದು ಗುಂಡಿ ತಿರುಗಿಸುತ್ತ, "ನನ್ನ ಹೆಸರೂ ಪ್ರಶಸ್ತಿ ಪಟ್ಟಿಲಿದೆ. ರಂಪ ಮಾಡ್ಬೇಡ, ಪ್ಲೀಸ್."

ಬಿಡುವು ಮುಗಿದು ಅತ್ಯುತ್ತಮ ಶಬ್ದಗ್ರಹಣ ಪ್ರಶಸ್ತಿಗೆ ಅವನ ಹೆಸರು ಕೂಗಿದರು. ಟ್ರೋಫಿ ಹಿಡಿದು ಮೈಕಿನ ಮುಂದೆ ನಿಂತ. "ಕಿವಿಗೊಟ್ಟು ಕೇಳೋದನ್ನ ಕಲಿಸಿದ್ದು ನಮ್ಮಕ್ಕ. ಅಲ್ಲಿದ್ದಾಳೆ." ದೊಡ್ಡ ಪರದೆಯಲ್ಲಿ ನನ್ನ ಮುಖ ಬಂತು. ಕೆಳಗೆ ಅಕ್ಷರಗಳು: ವಿಜೇತರ ಸಹೋದರಿ.

ಕಿವಿಗೆ ಹೆಡ್‌ಫೋನ್ ಹಾಕಿದ್ದ ಸಂಯೋಜಕಿ ನನ್ನ ಕುರ್ಚಿಯ ಪಕ್ಕ ಕುಕ್ಕರಿಸಿದಳು. "ಮೇಡಂ, ನೀವು ನಗಲೇ ಇಲ್ಲ. ನಿಮ್ಮ ತಮ್ಮ ಇನ್ನೊಂದ್ಸಲ ಹೇಳ್ತಾರೆ. ಎದ್ದು ನಿಂತು ಚಪ್ಪಾಳೆ ತಟ್ಟಿಬಿಡಿ, ಸಾಕು."

ತಮ್ಮ ಅದನ್ನೇ ಹೇಳಿದ, ಮೊದಲ ಸಲ ತಡವರಿಸಿದ ಜಾಗದಲ್ಲೇ ಮತ್ತೆ ತಡವರಿಸಿ. ನಾನು ಎದ್ದು ನಿಂತೆ.

"ನನ್ನ ಸಾಲನ್ನ ಯಾಕೆ ಕತ್ತರಿಸಿದೆ, ಅದನ್ನೂ ಹೇಳೋ."

ಕೂಗಲಿಲ್ಲ. ಮೈಕಿಲ್ಲದೆಯೂ ಕೊನೆಯ ಸಾಲಿಗೆ ಮುಟ್ಟಿಸುವುದು ನನಗೆ ಗೊತ್ತು. ಮುಂದಿದ್ದವರೆಲ್ಲ ತಟ್ಟನೆ ತಿರುಗಿದರು, ನನ್ನ ಕಡೆಗಲ್ಲ, ಮೊದಲ ಸಾಲಿನಲ್ಲಿ ಕೂತಿದ್ದ ನಾಯಕಿಯ ಕಡೆಗೆ. ಆಕೆಯ ಬಾಯಿ ಮುಚ್ಚಿತ್ತು. ಆಕೆ ನನ್ನತ್ತ ಕೈ ತೋರಿಸಿದಳು. ಆಮೇಲೆ ಒಂದೊಂದಾಗಿ ತಲೆಗಳು ನನ್ನ ಕಡೆ ಹೊರಳಿದವು.

ನಾನು ತಮ್ಮನನ್ನೇ ನೋಡುತ್ತಿದ್ದೆ. ಅವನು ಟ್ರೋಫಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಿಂದಿನ ಸೌಂಡ್ ಟೇಬಲ್‌ನ ಸಹಾಯಕನ ಕಡೆ ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸುತ್ತಿದ್ದ.