ಗೋಡೆ ಕುಕ್ಕುವ ಪಾರಿವಾಳಗಳು

ಬೆಳಿಗ್ಗೆ ಕೊಟ್ಟಿಗೆಗೆ ಹೊರಟ ಕೆಂಪಯ್ಯ ನಡುಮನೆಯಲ್ಲೇ ನಿಂತುಬಿಟ್ಟ. ಗೋಡೆಯ ಬುಡದಲ್ಲಿ ಇನ್ನೊಂದು ಪಾರಿವಾಳ ಸತ್ತು ಬಿದ್ದಿತ್ತು. ನಾಲ್ಕು ದಿನದಲ್ಲಿ ಇದು ಮೂರನೆಯದು. ಏಳರಲ್ಲಿ ಈಗ ಉಳಿದದ್ದು ನಾಲ್ಕು. ಅವೂ ಗೋಡೆಗೆ ತೂಗುಹಾಕಿದ ಮಡಕೆಗಳೊಳಗೆ ಗರಿ ಉಬ್ಬಿಸಿಕೊಂಡು ಕೂತಿದ್ದವು. ಸದ್ದಿಲ್ಲ.

ರಾವಂದೂರಿನ ಆಚೆಗಿನ ಆ ಹಳ್ಳಿಯಲ್ಲಿ ಕೆಂಪಯ್ಯ ಮಾತು ಕಡಿಮೆಯ ಮನುಷ್ಯ. ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅದು ಇನ್ನೂ ಕಡಿಮೆಯಾಗಿತ್ತು. ತಾಯಿಯಿಲ್ಲದ ಮಗಳು ಭಾಗ್ಯಮ್ಮ ಎಲ್ಲಿಂದಲೋ ಒಂದು ಜೊತೆ ಪಾರಿವಾಳ ತಂದು ಸಾಕಿದಳು. ಮದುವೆಯಾಗಿ ಎನ್. ಬೇಗೂರಿಗೆ ಹೋಗುವಾಗ, "ಅಪ್ಪಾ, ಇವನ್ನ ನೋಡ್ಕೋ" ಎಂದಷ್ಟೇ ಹೇಳಿದ್ದಳು. ಅಪ್ಪ ತಲೆಯಾಡಿಸಿದ್ದ. ಈಗ ಅವಳು ಚೊಚ್ಚಲ ಬಸುರಿ. ಬಾಣಂತನಕ್ಕೆಂದು ಬರುವ ಸೋಮವಾರ ತವರಿಗೆ ಬರುವವಳಿದ್ದಳು.

"ನೋಡ್ದಾ?" ತಾಯಿ ದೊಡ್ಡತಾಯಮ್ಮ ಒಲೆಯ ಮುಂದಿನಿಂದಲೇ ಕೂಗಿದಳು. "ಇಕ್ಕಿದ ಮೊಟ್ಟೆ ಮುಟ್ಟಿದ್ರೆ ಒಡೀತದೆ, ತೊಗಲಿನಂಗೆ ಮೆತ್ತಗೆ. ಒಂದೊಂದೇ ಸಾಯ್ತವೆ. ಇರೋವು ಗೋಡೆ ಕುಕ್ತವೆ. ಗೋಡೆ ಕುಕ್ಕೋ ಅಕ್ಕಿ ಮನೇಗೆ ಆಗಾಕಿಲ್ಲ ಕಣ್ಲಾ. ಬಸ್ರಿ ಉಡುಗಿ ಹೊಸ್ಲು ತುಳಿಯೋದ್ರೊಳಗೆ ಇವನ್ನೆಲ್ಲ ಸಂತೆಗೆ ಆಕ್ಬುಡು."

ಕೆಂಪಯ್ಯ ಸತ್ತ ಹಕ್ಕಿಯನ್ನು ಎತ್ತಿಕೊಂಡ.

"ಸುಮ್ಕಿರ್ತೀಯ. ನಿನ್ನೆಂಡ್ರು ಓದಂಗೆ ಇವ್ಳೂ..." ಮುದುಕಿ ಅಲ್ಲಿಗೇ ನಿಲ್ಲಿಸಿದಳು. ಆ ಮನೆಯಲ್ಲಿ ಆ ಮಾತು ಎಂದೂ ಅಲ್ಲಿಂದ ಮುಂದಕ್ಕೆ ಹೋಗಿದ್ದಿಲ್ಲ.

ಅಂದು ಊರ ದನಗಳಿಗೆ ಸೂಜಿಮದ್ದು ಹಾಕುವ ದಿನ. ದನದ ಆಸ್ಪತ್ರೆಯ ಕಾಂಪೌಂಡರ್ ಮಹದೇವಯ್ಯ ಪಿರಿಯಾಪಟ್ಟಣದಿಂದ ಸೈಕಲ್ ತುಳಿದುಕೊಂಡು ಬಂದಿದ್ದರು. ಅರಳಿಮರದ ಕೆಳಗೆ ಎತ್ತು, ಹಸು, ಎಮ್ಮೆಗಳ ಸಾಲು ಕರಗಿದ ಮೇಲೆ ಕೆಂಪಯ್ಯ ಎದುರಿಗೆ ಬಂದು ನಿಂತ. ಅವನ ಟವಲಿನಲ್ಲಿ, ಉಳಿದ ನಾಲ್ಕರಲ್ಲಿ ಕುತ್ತಿಗೆ ಸೋತ ಒಂದು ಪಾರಿವಾಳವಿತ್ತು.

"ಸ್ವಾಮಿ, ನಮ್ಮ ಕೆಂಪನ ಎತ್ತು ನೋಡಿ, ಟವಲ್‌ನಾಗೇ ಇಡೀತದೆ!" ಎಂದ ಪಕ್ಕದ ಮನೆಯ ಬೆಟ್ಟಸ್ವಾಮಿ. "ಕೊಂಬು ಇನ್ನೂ ಮೂಡಿಲ್ಲ!"

ಎಲ್ಲರೂ ನಕ್ಕರು. ಕೆಂಪಯ್ಯ ಕದಲಲಿಲ್ಲ. "ಮಗಳ್ದು" ಎಂದ.

ಆ ಒಂದು ಮಾತಿಗೆ ಮಹದೇವಯ್ಯ ಪೆಟ್ಟಿಗೆ ಮುಚ್ಚಿ ಎದ್ದರು. "ನಡೀರಿ, ಮನೆ ನೋಡೋಣ."

ಬೆಟ್ಟಸ್ವಾಮಿಯೂ ಹಿಂದೆಯೇ ಬಂದ. ಮಡಕೆಗಳೊಳಗೆ ಹಿಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಮಹದೇವಯ್ಯ ಒಂದೊಂದನ್ನೂ ಬಗ್ಗಿ ನೋಡಿದರು. "ತಿನ್ನೋಕೆ ಏನು ಹಾಕ್ತೀರಮ್ಮ?"

"ನಾವು ತಿಂದದ್ದೇಯ. ಮುದ್ದೆ, ಉಪ್ಪೆಸ್ರು. ಇವಕ್ಕೇನು ಬ್ಯಾರೆ ಎಡೆ ಇಕ್ಕಬೇಕಾ?" ಎಂದಳು ದೊಡ್ಡತಾಯಮ್ಮ.

"ಕುಡಿಯೋಕೆ?"

"ದನಿನ ಕಲಗಚ್ಚಿನ ಬಾನಿ ಅದೆಯಲ್ಲ."

ಮಹದೇವಯ್ಯ ಗೋಡೆಯ ಹತ್ತಿರ ಹೋದರು. ಮಡಕೆಗಳ ಸುತ್ತ ಕಂದು ಬಣ್ಣದ ಕಲೆ. ಬೆರಳು ಒತ್ತಿ ಮೂಸಿದರು. "ಇದೇನು?"

"ಅದು ನಂದೇ ಉಪಾಯ ಸ್ವಾಮಿ," ಬೆಟ್ಟಸ್ವಾಮಿ ಎದೆಯುಬ್ಬಿಸಿದ. "ಹೊಗೆಸೊಪ್ಪು ಕುದಿಸಿದ ನೀರು. ನಮ್ಮನೆ ತಿಗಣೆ ಒಂದೂ ಉಳೀಲಿಲ್ಲ ಇದ್ರಾಗೆ. ಘಾಟಿಗೆ ಅಕ್ಕಿ ಗೋಡೆ ಕುಕ್ಕಾಕಿಲ್ಲ ಅಂತ ಬಳಿಸ್ದೆ."

"ಯಾವಾಗ ಬಳಿದಿರಿ?"

"ಐದು ದಿನ ಆಯ್ತು."

"ಮೊದಲನೇ ಹಕ್ಕಿ ಸತ್ತದ್ದು?"

ಬೆಟ್ಟಸ್ವಾಮಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಕೆಂಪಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ. ಬಳಿದದ್ದು ಅವೇ ಕೈಗಳು. ಬೆಳೆದದ್ದೂ ಅವೇ, ಹೊಲದ ತುಂಬ ಅದೇ ಸೊಪ್ಪು.

"ತಿಗಣೆ ಕೊಲ್ಲೋ ನೀರು ಹಕ್ಕಿಯನ್ನ ಬಿಟ್ಟೀತಾ ಮಾರಾಯ? ಕುಕ್ಕಿದ ಮಣ್ಣೆಲ್ಲ ಹೊಟ್ಟೆಗೇ ಹೋಗೋದು" ಎಂದರು ಮಹದೇವಯ್ಯ.

"ಅಂಗಾದ್ರೆ ಕುಕ್ಕೋದ್ಯಾಕೆ?" ದೊಡ್ಡತಾಯಮ್ಮ ಬಿಡಲಿಲ್ಲ. "ಕೆಡುಕಿನ ಗುರುತು ಅಲ್ವಾ ಅದು?"

"ಕೂತ್ಕೊಳಿ ಅಮ್ಮ, ಹೇಳ್ತೀನಿ. ಹಕ್ಕಿಗೆ ಹಲ್ಲಿಲ್ಲ. ಸಣ್ಣ ಸಣ್ಣ ಕಲ್ಲು ನುಂಗಿ, ಹೊಟ್ಟೆಯೊಳಗೇ ಕಾಳು ಬೀಸ್ಕೋತದೆ. ಮೊಟ್ಟೆ ಇಡೋ ಹೆಣ್ಣಿಗಂತೂ ಚಿಪ್ಪು ಕಟ್ಟೋಕೆ ಸುಣ್ಣದ ಸತ್ತ್ವ ಬೇಕೇ ಬೇಕು. ನಿಮ್ಮ ಮುದ್ದೇಲಿ ಅದಕ್ಕೆ ಬೇಕಾದಷ್ಟು ಸಿಗಲಿಲ್ಲ. ಅದಕ್ಕೇ ಮೊಟ್ಟೆ ಮೆತ್ತಗಾಗಿದ್ದು. ಗೋಡೆಗೆ ಸುಣ್ಣ ಬಳಿದಿದ್ರಿ, ಅಲ್ಲಿ ಹುಡುಕ್ತು. ಘಾಟು ಬಳಿದ್ರೂ ಬಿಡಲಿಲ್ಲ. ಅಷ್ಟು ಹಸಿವು ಅದಕ್ಕೆ."

ದೊಡ್ಡತಾಯಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. ಊರಿನ ಎಷ್ಟೋ ಹೆರಿಗೆ ಮಾಡಿಸಿದವಳು ಅವಳು. ಗೋಡೆಯ ಕಡೆ ತಿರುಗಿದಳು.

"ಭಾಗ್ಯನ ಅವ್ವ ಬಸ್ರೀಲಿ ಇದೇ ಗೋಡೆ ಮಣ್ಣು ಕೆರ್ಕಂಡು ತಿಂತಿದ್ಲು," ಎಂದಳು ನಿಧಾನವಾಗಿ. "ನಾನು ಬೈತಿದ್ದೆ."

ಕೆಂಪಯ್ಯ ತಲೆಯೆತ್ತಿ ತಾಯಿಯ ಮುಖ ನೋಡಿದ. ಇಷ್ಟು ವರ್ಷದಲ್ಲಿ ಹೆಂಡತಿಯ ಬಗೆಗಿನ ಮಾತು ಮೊದಲ ಸಲ ಪೂರ್ತಿಯಾಗಿ ಆ ಮನೆಯಲ್ಲಿ ಕೇಳಿಸಿತ್ತು.

"ಬಯಕೆ ಕಣ್ಲಾ ಇದು," ಮುದುಕಿ ಕಣ್ಣೊರೆಸಿಕೊಂಡಳು. "ಕೆಡುಕೂ ಅಲ್ಲ, ಏನೂ ಅಲ್ಲ."

"ಹೌದಮ್ಮ. ಬಸುರಿಗೂ ಅಷ್ಟೆ. ಮಣ್ಣು ತಿನ್ನೋಕೆ ಬಿಡಬೇಡಿ, ಬೈಯಲೂ ಬೇಡಿ. ಸೊಪ್ಪು, ಕಾಳು, ಹಾಲು ಹೆಚ್ಚಾಗಿ ಕೊಡಿ."

"ಸರಿ, ಈ ಅಕ್ಕಿಗಳ್ಗೆ ನನ್ ಸುಣ್ಣದ ಡಬ್ಬಿ ಮಡಗ್ಲಾ?"

"ಅಯ್ಯೋ ಬೇಡಮ್ಮ, ಬಾಯಿ ಸುಟ್ಟೀತು!" ಮಹದೇವಯ್ಯ ನಕ್ಕರು. "ಕೆರೆ ದಂಡೇಲಿ ಕಪ್ಪೆಚಿಪ್ಪು ಸಿಕ್ತದಲ್ಲ, ತೊಳೆದು ಒಣಗಿಸಿ ಕುಟ್ಟಿ. ನಾಟಿಕೋಳಿ ಮೊಟ್ಟೆ ಚಿಪ್ಪಾದ್ರೂ ಆಯ್ತು. ಅದರ ಜೊತೆ ಕಾಳು ಬೀಸೋಕೆ ಸಣ್ಣ ಗರಸು ಕಲ್ಲು. ಬೇಯಿಸಿದ್ದು, ಉಪ್ಪು ಹಾಕಿದ್ದು ಬೇಡ. ಒಣ ರಾಗಿ, ಜೋಳ, ಒಂದು ಹಿಡಿ ಹುರುಳಿ. ಬೂಷ್ಟು ಹಿಡಿದ ಕಾಳಂತೂ ಬೇಡವೇ ಬೇಡ. ಪಾರಿವಾಳ ಕೊಕ್ಕು ಮುಳುಗಿಸಿ ನೀರು ಹೀರೋದು, ಅದಕ್ಕೆ ಆಳವಾದ ಮಣ್ಣಿನ ಬಟ್ಟಲಲ್ಲಿ ದಿನಾ ಹೊಸ ನೀರು ಇಡಿ."

"ಮಡಕೆ ಇಲ್ಲೇ ಇರಬೌದಾ?" ಕೆಂಪಯ್ಯ ಕೇಳಿದ.

"ನಡುಮನೆ ಬೇಡ. ಬಾಣಂತಿ, ಹಸುಗೂಸು ಇರೋ ಕಡೆ ಹಿಕ್ಕೆ ಧೂಳು ಎದೆಗೆ ಹೋಗಬಾರದು. ಹೊರಗೆ, ಬೆಳಗಿನ ಬಿಸಿಲು ಬೀಳೋ ಸೂರಿನ ಕೆಳಗೆ ಕಟ್ಟಿ, ಬೆಕ್ಕು ಹಾರದಷ್ಟು ಎತ್ತರಕ್ಕೆ. ನೀರು ಚಿಮುಕಿಸಿ ಆಮೇಲೆ ಗುಡಿಸಿ. ಹಕ್ಕಿ ಮುಟ್ಟಿದ ಕೈ ತೊಳೀರಿ. ಮಂಕಾದದ್ದನ್ನ ಬೇರೆ ಇಡಿ. ಗೋಡೆ ಮೊದಲು ಕೆರೆಸಿ ಹೊಸ ಮಣ್ಣು ಮೆತ್ತಿ."

ಗೋಡೆ ಕೆರೆಯಲು ಮೊದಲು ಗುದ್ದಲಿ ಹಿಡಿದವನು ಬೆಟ್ಟಸ್ವಾಮಿಯೇ. ಆ ದಿನ ಅವನು ಒಂದೂ ತಮಾಷೆ ಮಾಡಲಿಲ್ಲ.

ಟವಲಿನಲ್ಲಿದ್ದ ಹಕ್ಕಿ ಮರುದಿನ ಸತ್ತಿತು. ಉಳಿದ ಮೂರು ಹಕ್ಕಿಗಳೂ ಎರಡು ದಿನ ಕಾಳು ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಕೆಂಪಯ್ಯ ಹೊಸ ನೀರಿಟ್ಟು ದೂರ ನಿಂತ. ಒಂದು ಹೆಣ್ಣು ಹಕ್ಕಿ ಇಳಿದು ಬಂದು, ಕೊಕ್ಕು ಮುಳುಗಿಸಿ ಕುಡಿಯಿತು. ಆಮೇಲೆ ಚಿಪ್ಪಿನ ಚೂರುಗಳನ್ನು ಆರಿಸಿ ಆರಿಸಿ ನುಂಗಿತು.

ಸೋಮವಾರ ಗಾಡಿಯಿಂದ ಇಳಿದ ಭಾಗ್ಯಮ್ಮ, ಈಗ ಮಡಕೆಗಳನ್ನು ಕಟ್ಟಿದ್ದ ಸೂರಿನ ಕಡೆ ನೋಡಿದಳು. ಬೆರಳೆಣಿಸಿದಳು. ಮೂರೇ. ಅವಳು ಏನನ್ನೂ ಕೇಳುವ ಮೊದಲೇ ಅಪ್ಪ ಮಾತಾಡಿದ.

"ನಾನೇ ಕಣವ್ವ. ತಿಳೀದೆ ಇಸ ಬಳ್ದೆ. ನಾಕು ಓದ್ವು. ಇವು ಉಳ್ಕಂಡ್ವು. ಇನ್ನು ಕೇಳ್ಕಂಡೇ ಮಾಡ್ತೀನಿ."

ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ಭಾಗ್ಯಮ್ಮ ಕೇಳಿಯೇ ಇರಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಸೂರಿನ ಕೆಳಗೆ ಹಕ್ಕಿಯೊಂದು ಗುಟುಗುಟು ಎಂದಿತು.

ಅಕ್ಕಂದಿರೇ, ಅಣ್ಣಂದಿರೇ, ನೀವು ಸಾಕಿದ ಹಕ್ಕಿಗೆ ಹೊಟ್ಟೆನೋವೆಂದು ಹೇಳಲು ಬಾಯಿಲ್ಲ. ಗೋಡೆ ಕುಕ್ಕುತ್ತದೆ, ಗರಿ ಉಬ್ಬಿಸುತ್ತದೆ, ಮೂಲೆ ಹಿಡಿಯುತ್ತದೆ; ಅದರ ಮಾತು ಅಷ್ಟೇ. ಶಕುನ ಕೇಳುವ ಮೊದಲು ಅದರ ಕಾಳಿನ ತಟ್ಟೆ, ನೀರಿನ ಬಟ್ಟಲು ನೋಡಿ. ಹೊಗೆಸೊಪ್ಪು, ತಿಗಣೆ ಮದ್ದು, ಒಲೆಯ ಹೊಗೆ ಅದರ ಹತ್ತಿರ ಸುಳಿಯದಿರಲಿ. ಮಂಕಾದ ಹಕ್ಕಿಯನ್ನು ಸಾಯುವ ತನಕ ನೋಡುತ್ತಾ ಕೂರಬೇಡಿ. ಟವಲಿನಲ್ಲಿ ಎತ್ತಿಕೊಂಡು ಇವತ್ತೇ ದನದ ಆಸ್ಪತ್ರೆಗೆ ಹೋಗಿ. ಯಾರಾದರೂ ನಕ್ಕರೆ ನಗಲಿ, ನೀವು ಕೇಳಿ ತಿಳಿದುಕೊಳ್ಳಿ.