ಹರಕೆಯ ನೀರು

"ನೀರಿಲ್ಲ," ಎಂದಳು ಎಲ್ವಿರಾ. ಹಾಗೆನ್ನುತ್ತಾ ಅವಳು ಹೆಜ್ಜೆ ಎತ್ತಿಟ್ಟಾಗ ಬೆನ್ನಿನ ಚೀಲದೊಳಗೆ ನೀರು ಕುಲುಕಿದ ಸದ್ದು ಮೂವರಿಗೂ ಕೇಳಿಸಿತು.

ನೀರು ಕೇಳಿದವನು ಅರವತ್ತು ದಾಟಿದ ಕೂಲಿಯಾಳು. ತಲೆಯ ಮೇಲೆ ಹರಿದ ಹುಲ್ಲಿನ ಟೋಪಿ, ಕಾಲಿಗೆ ಹಗ್ಗದ ಅಟ್ಟೆಯ ಸವೆದ ಮೆಟ್ಟು. ಬಿಸಿಲಿಗೆ ಒಡೆದ ತುಟಿಯ ಮೂಲೆಯಲ್ಲಿ ಹುಣ್ಣು, ಹುಣ್ಣಿನ ಮೇಲೆ ಧೂಳು. ತನ್ನ ಹೆಸರು ಫೌಸ್ತಿನೋ, ದ್ರಾಕ್ಷಿ ಕೊಯ್ಲಿಗೆಂದು ಉತ್ತರದಿಂದ ಬಂದವನು, ಬಸ್ಸು ತಪ್ಪಿತು, ಗುಡ್ಡ ಹತ್ತಿ ಇಳಿದರೆ ಹೆದ್ದಾರಿ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಕೆಟ್ಟೆ ಎಂದು ಅವನು ಆಗಲೇ ಹೇಳಿಕೊಂಡಿದ್ದ. ಈಗ ಸದ್ದು ಕೇಳಿಯೂ ಕೇಳದವನಂತೆ, "ಇರ್ಲಿ ತಾಯಿ, ದಾರಿ ತೋರಿಸಿದ್ರೆ ಸಾಕು," ಎಂದ.

"ಈ ಒಣಹಳ್ಳ ಹಿಡ್ಕೊಂಡು ಇಳೀರಿ. ಇಲ್ಲೇ ಹತ್ರ."

ಹತ್ತಿರವೇನಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಹಳ್ಳ ಇಳಿಯುವುದೆಂದರೆ ಕಾದ ಬಾಣಲೆಯಲ್ಲಿ ನಡೆದಂತೆ. ಎಲ್ವಿರಾಳ ಜೊತೆಗಿದ್ದ ಗೆಳತಿ ಮಿರ್ತಾಗೆ ಅದು ಗೊತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷದಿಂದ ಭಾನುವಾರ ಬಂತೆಂದರೆ ಇಬ್ಬರೂ ಸಾನ್ ಹುವಾನ್ ಊರಂಚಿನ ಈ ಬೋಳುಗುಡ್ಡಗಳನ್ನು ಹತ್ತುತ್ತಾರೆ. ತಿಂಡಿ ಮಿರ್ತಾಳದ್ದು, ನೀರು ಎಲ್ವಿರಾಳದ್ದು. ಯಾರ ಚೀಲದ ವಿಷಯಕ್ಕೆ ಯಾರೂ ಬಾಯಿ ಹಾಕಬಾರದು. ಹಾಳಾದ ಕಟ್ಟಳೆ. ಮಿರ್ತಾ ಒಂದು ಸೆಮಿತಾ ರೊಟ್ಟಿಯನ್ನು ಅವನ ಕೈಗಿಟ್ಟಳು. ಒಣಗಿದ ಗಂಟಲಿಗೆ ಒಣರೊಟ್ಟಿ. ಕೊಟ್ಟ ಮೇಲೆ ಅವಳಿಗೆ ನಾಚಿಕೆಯಾಯಿತು.

ಅವನು ಹಳ್ಳದ ತಿರುವಿನಲ್ಲಿ ಮರೆಯಾದ. ಇವರಿಬ್ಬರೂ ಮೇಲೆ ಹತ್ತಿದರು.

ಗುಡ್ಡದ ನೆತ್ತಿಯಲ್ಲಿ ದಿಫುಂತಾಳ ಪುಟ್ಟ ಗುಡಿಯಿದೆ. ಸೈನಿಕರು ಎಳೆದೊಯ್ದ ಗಂಡನನ್ನು ಹುಡುಕುತ್ತಾ ಹಸುಗೂಸನ್ನೆತ್ತಿಕೊಂಡು ಮರುಭೂಮಿಗೆ ಹೊರಟು, ಬಾಯಾರಿ ಸತ್ತವಳು ಅವಳು. ಸತ್ತವಳ ಮೊಲೆ ಚೀಪುತ್ತಾ ಕೂಸು ಬದುಕಿತ್ತಂತೆ. ಅದಕ್ಕೇ ಜನ ಅವಳಿಗೆ ಹೂವು ತರುವುದಿಲ್ಲ, ನೀರಿನ ಬಾಟಲಿ ತರುತ್ತಾರೆ. ತಂದಿಟ್ಟು ಹೋಗುತ್ತಾರೆ, ಅಷ್ಟೆ. ಗುಡಿಯ ಸುತ್ತ ಮೊಣಕಾಲೆತ್ತರ ಬಾಟಲಿಗಳು ಬಿದ್ದಿದ್ದವು. ಕೆಲವು ಬಿಸಿಲಿಗೆ ಸೊಟ್ಟಗಾಗಿ, ಕೆಲವು ಒಳಗೆ ಹಸಿರು ಪಾಚಿ ಕಟ್ಟಿ, ಒಂದರಲ್ಲಿ ಸತ್ತ ಜಿರಲೆ ತೇಲುತ್ತಿತ್ತು. ಮಿರ್ತಾ ಈ ಕೊಳೆಯನ್ನು ವರ್ಷಗಟ್ಟಲೆ ನೋಡಿದ್ದಳು. ಇವತ್ತು ಮಾತ್ರ ತುಂಬಿದ ಬಾಟಲಿಗಳನ್ನು ಎಣಿಸತೊಡಗಿದಳು.

ಎಲ್ವಿರಾ ಚೀಲದಿಂದ ದೊಡ್ಡ ಬಾಟಲಿ ತೆಗೆದಳು. ತಿಳಿನೀರು, ಕೊರಳಿಗೆ ಕೆಂಪು ರಿಬ್ಬನ್ನು. ಅವಳ ಮಗಳಿಗೆ ಎರಡು ಸಲ ಬಸುರು ನಿಂತಿರಲಿಲ್ಲ, ಈಗ ಏಳು ತಿಂಗಳು. ಮಂಡಿಯೂರಿ, ಕಣ್ಣು ಮುಚ್ಚಿ, ಬಾಟಲಿಯನ್ನು ಗುಡಿಯ ಮೆಟ್ಟಿಲ ಮೇಲಿಟ್ಟು ಅದರ ಧೂಳನ್ನು ಸೆರಗಿನಂಥ ತನ್ನ ಕೊರಳವಸ್ತ್ರದಿಂದ ಒರೆಸಿದಳು. ನಿಜವಾದ ಭಕ್ತಿಯೇ. ಮಿರ್ತಾಗೆ ಸಹಿಸಲಾಗದ್ದು ಅದೇ.

ಎಂದಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಎಲ್ವಿರಾ ಮಾಟೆಗೆ, ಒಂದೇ ಕೊಳವೆಯಿಂದ ಸರದಿಯಂತೆ ಹೀರುವ ಇಲ್ಲಿನ ಕಹಿ ಚಹಾಕ್ಕೆ, ಅಣಿಮಾಡಿದಳು. ಸೋರೆಬುರುಡೆಗೆ ಎಲೆಪುಡಿ ತುಂಬಿ, ಫ್ಲಾಸ್ಕಿನ ಬಿಸಿನೀರು ಹೊಯ್ದು, ಬೆಳ್ಳಿಯ ಕೊಳವೆಯಿಂದ ಮೊದಲ ಸರದಿ ತಾನೇ ಸೊರ್ರೆಂದು ಹೀರಿದಳು. ಮತ್ತೆ ತುಂಬಿ ಮಿರ್ತಾಳತ್ತ ಚಾಚಿದಳು. ಕೊಳವೆಯ ತುದಿಯಲ್ಲಿ ಎಂಜಲು ಮಿನುಗುತ್ತಿತ್ತು. ಹನ್ನೊಂದು ವರ್ಷ ಇದೇ ಎಂಜಲು ಕುಡಿದಿದ್ದೇನೆ, ಅಮೃತವೆಂದು ಕುಡಿದಿದ್ದೇನೆ ಎಂದುಕೊಂಡು ಮಿರ್ತಾ ಮುಖ ತಿರುಗಿಸಿದಳು.

"ಏನಾಯ್ತೇ? ಆರೋಗುತ್ತೆ."

"ಇಷ್ಟು ನೀರಿಟ್ಕೊಂಡು ಆ ಮುದುಕನ್ಗೆ ಇಲ್ಲ ಅಂದ್ಯಲ್ಲ."

"ಅವನ ಬಾಯಿ ನೋಡಿದ್ಯಾ ನೀನು? ಔಷಧಿ ಅಂಗಡಿ ಇಟ್ಟಿರೋಳು ನಾನು, ಆ ಹುಣ್ಣು ಎಂಥದ್ದು ಅಂತ ನನಗ್ಗೊತ್ತು. ಅವನು ಬಾಯಿ ಹಚ್ಚಿದ್ದನ್ನ ಆಮೇಲೆ ನೀನು ಕುಡೀತಿದ್ಯಾ?"

"ಬಾಟಲಿ ಅವನಿಗೇ ಕೊಟ್ಟುಬಿಡಬೇಕಿತ್ತು."

"ಅದು ಹರಕೇದು ಕಣೇ. ಫ್ಲಾಸ್ಕಿಂದು ನಮ್ಗೆ. ಊರವರಿಗೆಲ್ಲ ಹಂಚೋಕೆ ನಾನೇನು ಮುನ್ಸಿಪಾಲ್ಟಿ ನಲ್ಲೀನಾ?" ಎಂದು ನಕ್ಕು ಎಲ್ವಿರಾ ಮಾಟೆಯನ್ನು ತಾನೇ ಹೀರಿದಳು.

"ಫ್ಲಾಸ್ಕ್ ಕೊಡಿಲ್ಲಿ. ಹೋಗಿ ಕೊಟ್ಟು ಬರ್ತೀನಿ."

ಎಲ್ವಿರಾ ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ತೊಡೆಗಳ ನಡುವೆ ಇಟ್ಟುಕೊಂಡಳು. ಆ ಮುಚ್ಚಳ ತಿರುಗಿದ ಕಿರುಗುಡುವಿಕೆಗೆ ಮಿರ್ತಾಳ ಮೈಯೆಲ್ಲ ಉರಿಯಿತು. ಎದ್ದು ನೆಟ್ಟಗೆ ಗುಡಿಗೆ ಹೋಗಿ ರಿಬ್ಬನ್ನಿನ ಬಾಟಲಿ ಎತ್ತಿಕೊಂಡಳು.

"ಮಿರ್ತಾ, ಇಡು ಅದನ್ನ." ಎಲ್ವಿರಾಳ ದನಿ ಸಣ್ಣಗಾಗಿತ್ತು. "ಅದನ್ನ ಎತ್ತಿದ್ರೆ ನನ್ನ ಮಗಳ ಹೊಟ್ಟೆ ತುಳಿದ ಹಾಗೆ. ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ."

ಮಿರ್ತಾಗೂ ಭಯವಿತ್ತು. ಅವಳು ಈ ನೆಲದವಳೇ. ದಿಫುಂತಾಳ ನೀರು ಕದ್ದವರಿಗೆ ಏನೇನಾಯಿತೆಂಬ ಕಥೆಗಳನ್ನು ಕೇಳಿಯೇ ಬೆಳೆದವಳು. ಆದರೂ ಇಳಿದಳು. ಬಾಟಲಿಯ ಬಿಸುಪು ಎದೆಗೆ ತಾಕುತ್ತಿತ್ತು.

ಫೌಸ್ತಿನೋ ಬಹಳ ದೂರ ಹೋಗಿರಲಿಲ್ಲ. ಹಳ್ಳದ ಬಂಡೆಯೊಂದರ ಗೇಣಗಲ ನೆರಳಿನಲ್ಲಿ ತಲೆಯನ್ನಷ್ಟೇ ತೂರಿಸಿ ಕೂತಿದ್ದ. ಒಂದು ಮೆಟ್ಟು ಕಿತ್ತುಹೋಗಿ ಅಂಗಾಲು ಬೊಬ್ಬೆಯೆದ್ದಿತ್ತು. ರೊಟ್ಟಿ ಮುರಿಯದೆ ಕೈಯಲ್ಲೇ ಇತ್ತು. ಬಾಟಲಿ ಕಂಡು ಕೈ ಚಾಚಿದವನು ರಿಬ್ಬನ್ನು ಕಂಡು ಕೈ ಹಿಂದೆಳೆದುಕೊಂಡ.

"ಇದು ದಿಫುಂತಾದು. ಬೇಡ ತಾಯಿ."

"ಕುಡೀರಿ ಯಜಮಾನ್ರೇ. ಪಾಪ ನನಗಿರ್ಲಿ."

"ಯಾರ ಹರಕೆ?"

"ನನ್ನ ಗೆಳತಿ ಮಗಳದ್ದು. ಕೂಸು ಹೊಟ್ಟೇಲಿದೆ."

"ಹಂಗಾದ್ರೆ ಸುತರಾಂ ಬೇಡ." ಅವನು ಒಡೆದ ತುಟಿಗಳನ್ನು ಒಣನಾಲಿಗೆಯಿಂದ ಸವರಿಕೊಂಡ. ಕಣ್ಣು ಮಾತ್ರ ಬಾಟಲಿಯ ಮೇಲಿಂದ ಕದಲಲಿಲ್ಲ.

ಮಿರ್ತಾ ಮುಚ್ಚಳ ತೆಗೆದು ತಾನೇ ಒಂದು ಗುಟುಕು ಕುಡಿದಳು. "ನೋಡಿ, ಎಂಜಲಾಯ್ತು. ಇನ್ನು ಅವಳಿಗೆ ಇಡೋ ಹಾಗಿಲ್ಲ. ಚೆಲ್ಲಲಾ, ಕುಡೀತೀರಾ?"

ಅವನು ಎರಡೂ ಕೈಯಲ್ಲಿ ಬಾಟಲಿ ಹಿಡಿದ. ಆದರೆ ಬಾಯಿಗೆ ಒಯ್ಯಲಿಲ್ಲ. ಉತ್ತರದವರು ಏನು ಕುಡಿಯುವ ಮೊದಲೂ ನೆಲದ ತಾಯಿಗೆ ಕೊಡುತ್ತಾರೆ. ಅವನೂ ಬಾಟಲಿ ಬಾಗಿಸಿ ಅಂಗೈಯಗಲ ನೆಲ ಒದ್ದೆಯಾಗುವಷ್ಟು ನೀರು ಸುರಿದ. "ಆ ಕೂಸಿಗೆ," ಎಂದ. ಆಮೇಲೆ ಕುಡಿದ. ಕುಡಿದ ರಭಸಕ್ಕೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು.

ಮಿರ್ತಾ ತಲೆಯೆತ್ತಿದರೆ ಎಲ್ವಿರಾ ನಾಲ್ಕು ಮಾರು ಮೇಲೆ ನಿಂತಿದ್ದಳು. ಯಾವಾಗ ಬಂದಳೋ. ಒದ್ದೆ ನೆಲವನ್ನೇ ನೋಡುತ್ತಿದ್ದಳು. ಕೊನೆಗೆ ಕಲ್ಲಿನ ಮೇಲೆ ಕೂತು, ಫ್ಲಾಸ್ಕು ಬಿಚ್ಚಿ, ಮಾಟೆ ತುಂಬಿ ಮಿರ್ತಾಳತ್ತ ಹಿಡಿದಳು.

"ಮೊದ್ಲು ಅವರಿಗೆ," ಎಂದಳು ಮಿರ್ತಾ.

ಆ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅವನತ್ತ ತಿರುಗಿತು. ಫೌಸ್ತಿನೋ ಟೋಪಿ ತೆಗೆದು ಇಸಿದುಕೊಂಡ. ಕಣ್ಣು ಮುಚ್ಚಿ, ಬುರುಡೆ ಗೊರಗುಟ್ಟುವವರೆಗೆ ಹೀರಿದ. "ನಮ್ಮನೇಲಿ ಕೂತ ಹಾಗಾಯ್ತು ತಾಯಿ. ನಿಮ್ಮ ಮೊಮ್ಮಗು ನೂರು ವರ್ಷ ಬಾಳ್ಲಿ," ಎಂದು ಹಿಂದಿರುಗಿಸಿದ. ಎಲ್ವಿರಾ ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡಳು. ಮತ್ತೆ ತುಂಬಲಿಲ್ಲ. ಹೊತ್ತಾಯಿತೆಂದು ಗೊಣಗಿ ಮುಂದೆ ಇಳಿದುಬಿಟ್ಟಳು.

ಮಿರ್ತಾ ತನ್ನ ಟವೆಲ್ಲನ್ನು ಅವನ ಪಾದಕ್ಕೆ ಸುತ್ತಿದಳು. ಇಬ್ಬರೂ ನಿಧಾನವಾಗಿ ಇಳಿದರು. ಅವಳ ಮನಸ್ಸು ತುಸು ಹಗುರವಾಗಿತ್ತು. ಎಷ್ಟೆಂದರೂ ಎಲ್ವಿರಾ ಕೊಟ್ಟಳಲ್ಲ, ಮುಂದಿನ ಭಾನುವಾರ ನೋಡೋಣ ಎಂದುಕೊಂಡಳು.

ತಿರುವಿನಲ್ಲಿ ಫೌಸ್ತಿನೋ ನಿಂತ. ಮುಳ್ಳುಪೊದೆಯೊಳಗೆ ಸೋರೆಬುರುಡೆ ಸಿಕ್ಕಿಕೊಂಡಿತ್ತು. ಬೆಳ್ಳಿಯ ಕೊಳವೆ ಅದರ ಬುಡದಲ್ಲಿ ಬಿದ್ದಿತ್ತು. ದಾರಿಯಿಂದ ಅಷ್ಟು ಒಳಗೆ ಜಾರಿ ಬೀಳುವಂಥ ಜಾಗವಲ್ಲ ಅದು.

"ಅಯ್ಯೋ, ಅವ್ರ ಮಾಟೆ ಬಿದ್ದೋಗಿದೆ." ಅವನು ಮುಳ್ಳಿಗೆ ಕೈ ತರಚಿಕೊಂಡು ಎರಡನ್ನೂ ತೆಗೆದ. ಧೂಳು ಊದಿ, ಕೊಳವೆಯನ್ನು ಅಂಗಿಯ ಅಂಚಿಗೆ ಚೆನ್ನಾಗಿ ಒರೆಸಿದ. "ಪಾಪ, ಒಳ್ಳೆ ಮನಸ್ಸಿನವ್ರು. ಮನೇಗೋಗಿ ಹುಡುಕ್ತಾರೆ."

ಮಿರ್ತಾ ಅವನ ತರಚಿದ ಕೈಯಿಂದ ಮುಳ್ಳೊಂದನ್ನು ಕಿತ್ತಳು.

ಕೆಳಗೆ ದೂರದಲ್ಲಿ ಎಲ್ವಿರಾಳ ಬಿಳಿ ಟೋಪಿ ಸರಸರನೆ ಇಳಿಯುತ್ತಿತ್ತು. "ಅಮ್ಮಾ, ನಿಲ್ಲಿ. ನಿಮ್ದು ಬಿತ್ತು," ಎಂದು ಅವನು ಕೂಗಿದ. ಟೋಪಿ ನಿಲ್ಲಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವನು ಬುರುಡೆಯನ್ನು ಎದೆಗೊತ್ತಿ ಹಿಡಿದು, ಟವೆಲ್ಲು ಸುತ್ತಿದ ಕಾಲಲ್ಲಿ ಕುಂಟುತ್ತಲೇ ಅವಳ ಹಿಂದೆ ಓಡತೊಡಗಿದ.